ನಿಂತ ಮೇಲೆ ಬಾ

ನಾನು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಮುಟ್ಟಿಗೆ ಹತ್ತಾರು ಹೆಸರಿದ್ದವು, ಮುಟ್ಟು ಎಂಬ ಹೆಸರೊಂದನ್ನು ಬಿಟ್ಟು. ಹೊರಗೆ ಎನ್ನುತ್ತಿದ್ದರು, ದೂರ ಎನ್ನುತ್ತಿದ್ದರು, ಕಡೆಗೆ ಕುಂತಾಳೆ ಎನ್ನುತ್ತಿದ್ದರು. ಮಕ್ಕಳು ಎದುರಿಗಿದ್ದರೆ ಕಾಗೆ ಮುಟ್ಟೈತೆ ಎನ್ನುತ್ತಿದ್ದರು. ನಮ್ಮ ಡಾಕ್ಟರಿಗೆ ಅದು 'ಎಂ.ಸಿ.'. ಒಮ್ಮೆ ಅವರು ಒಬ್ಬ ಮುದುಕಿಯನ್ನು ಸೊಸೆಯ ವಿಚಾರವಾಗಿ, "ಎಂ.ಸಿ. ಸರಿಯಾಗಿ ಆಗ್ತಿದೆಯಾ?" ಎಂದು ಕೇಳಿದರು. ಮುದುಕಿ ಬಹಳ ಹೊತ್ತು ಯೋಚಿಸಿ, "ಎಂಸಿ ಅನ್ನಾರು ನಮ್ಮೂರಾಗೆ ಯಾರೂ ಇಲ್ರಿ. ಕೆಂಚಿ ಅಂತ ಒಬ್ಬಾಕೆ ಅವಳೆ, ಕರ್ಕಂಡ್ ಬರ್ಲೇನ್ರಿ?" ಎಂದಳು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಡಾಕ್ಟರು ನಗಲಿಲ್ಲ, ಗೋಡೆ ನೋಡಿದರು.

ನನ್ನ ತಂಗಿಯ ಮೊಮ್ಮಗಳು ಈಗ ನರ್ಸ್ ಕೆಲಸಕ್ಕೆ ಸೇರಿದ್ದಾಳೆ. ಫೋನಿನಲ್ಲಿ, ಬಸ್ಸಿನಲ್ಲಿ, ನನ್ನ ಅಳಿಯನ ಎದುರಿಗೆ ಕೂಡ, ಪೀರಿಯಡ್ಸ್ ಎಂದು ದನಿ ತಗ್ಗಿಸದೆ ಹೇಳುತ್ತಾಳೆ. "ನಿಮ್ಮ ಕಾಲದಾಗೆ ಪೇಷೆಂಟಿಗೆ ಹೆಂಗೆ ಹೇಳ್ತಿದ್ರಿ ನಾನಿ?" ಎಂದು ಕೇಳಿದಳು. ಹೇಳುತ್ತಿರಲಿಲ್ಲ ಎಂದೆ. ಅವಳು ನಂಬಲಿಲ್ಲ. ಆದ್ದರಿಂದ ಅವಳಿಗೂ ಅವಳಂತೆ ಬಿಳಿ ಬಟ್ಟೆ ಹಾಕಿಕೊಂಡು ಹೊರಟಿರುವ ಉಳಿದ ಹುಡುಗಿಯರಿಗೂ ಇದನ್ನು ಬರೆದಿದ್ದೇನೆ. ಓದಿ ಖುಷಿಯಾಗುತ್ತದೆ ಎಂಬ ಭರವಸೆ ಕೊಡಲಾರೆ.

ನಾನು ಚಿತ್ರದುರ್ಗದ ಕಲಾಯಿ ಸಾಬರ ಮಗಳು. ಅಪ್ಪ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನನ್ನ ಹೆಸರು ಖೈರುನ್ನಿಸಾ. ಹೊಸದುರ್ಗದ ಕಡೆಯ ಹಳ್ಳಿಗಳ ಬಾಯಿಗೆ ಬಿದ್ದು ಅದು ಒಂದೇ ತಿಂಗಳಲ್ಲಿ ಕರುಣಮ್ಮ ಆಯಿತು. ತಿದ್ದಲು ಹೋಗಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಆ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರು, ಹನುಮಕ್ಕ ಎಂಬ ಆಯಾ, ಮತ್ತು ನಾನು. ಡಾಕ್ಟರ ಹೆಸರು ವಾಸುದೇವಯ್ಯ, ಮೈಸೂರಿನ ಕಡೆಯವರು, ಆಗಿನ್ನೂ ಮದುವೆಯಾಗಿರಲಿಲ್ಲ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕತೆ ಬರೆಯುವುದು ನನಗೆ ಸುಲಭವಾಗುತ್ತಿತ್ತು.

ತರಬೇತಿಯಲ್ಲಿ ನಮಗೆ ಮುಟ್ಟಿನ ಶುಚಿತ್ವದ ಪಾಠ ಇತ್ತು. ಒಂದೇ ದಿನದ ಪಾಠ. ಹಳೆಯ ಹತ್ತಿ ಬಟ್ಟೆ ಬಳಸಬೇಕು, ಬಿಸಿನೀರು ಸೋಪಿನಲ್ಲಿ ತೊಳೆಯಬೇಕು, ಚೆನ್ನಾಗಿ ಬಿಸಿಲಿಗೆ ಒಣಗಿಸಬೇಕು. ನಮಗೆ ಪಾಠ ಹೇಳುತ್ತಿದ್ದ ಮೇಡಂ ಇಷ್ಟು ಹೇಳಿ, "ಉಳಿದದ್ದು ನಿಮಗೇ ಗೊತ್ತಲ್ಲ" ಎಂದು ಪುಸ್ತಕ ಮುಚ್ಚಿದರು. ಅದೇ ದಿನ ಹೆರಿಗೆ ವಾರ್ಡಿನ ಕಂಬಳಿಗಳನ್ನು ತೋರಿಸಿದರು. ಸರ್ಕಾರಿ ಆಸ್ಪತ್ರೆಯ ಕಂಬಳಿಗಳು ಆಗ ಕೆಂಪಗೆ ಇರುತ್ತಿದ್ದವು. ಯಾಕೆ ಕೆಂಪು ಎಂದು ಒಬ್ಬ ಹುಡುಗಿ ಕೇಳಿದ್ದಕ್ಕೆ, "ಕೆಲಸಕ್ಕೆ ಸೇರಿದ ಮೇಲೆ ತಿಳಿಯುತ್ತೆ" ಎಂದರು.

ಪಾಠವನ್ನು ಗಂಟು ಕಟ್ಟಿಕೊಂಡು ನಾನು ಹಳ್ಳಿಗೆ ಹೊರಟೆ. ಮೊದಲನೆಯ ಹಳ್ಳಿಯ ಜಗಲಿಯ ಮೇಲೆ ಹೆಂಗಸರನ್ನು ಕೂರಿಸಿಕೊಂಡು, ಬಟ್ಟೆಯನ್ನು ಬಿಸಿಲಿಗೆ ಹಾಕಬೇಕು ಎಂದೆ. ಎಲ್ಲರೂ ನೆಲ ನೋಡಿದರು. ಕಡೆಗೆ ಒಬ್ಬ ಅಜ್ಜಿ ನನ್ನ ಮೊಣಕಾಲು ತಟ್ಟಿ, "ಅಲ್ಲ ಕಣವ್ವ, ಸೂರಪ್ಪ ಗಂಡ್ಸಲ್ಲೇನು? ಅವನ ಮುಂದೆ ಹರವು ಅಂತೀಯಲ್ಲ!" ಎಂದಳು. ಜಗಲಿ ತುಂಬ ನಗು. ಅವರು ಆ ಬಟ್ಟೆಗಳನ್ನು ಗುಡಿಸಲ ಗರಿಯೊಳಗೆ, ಹಿತ್ತಿಲ ಕಲ್ಲಿನ ಕೆಳಗೆ, ಮರದ ಪೊಟರೆಯಲ್ಲಿ ಸಿಕ್ಕಿಸಿ ಒಣಗಿಸುತ್ತಿದ್ದರು. ಗಂಡಸರ ಕಣ್ಣಿಗೆ ಬೀಳಬಾರದು, ಹಾವು ದಾಟಬಾರದು. ಒಣಗುತ್ತಿತ್ತು ಎಂದರೆ ಸುಳ್ಳಾಗುತ್ತದೆ, ಮುಗ್ಗುತ್ತಿತ್ತು. ಆ ಮುಗ್ಗಲನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಕಜ್ಜಿ, ನವೆ, ಬಿಳಿಸೆರಗು ಎಂದು ನನ್ನ ಕಿವಿಯಲ್ಲಿ ಹೇಳಿಕೊಂಡ ಹೆಂಗಸರಿಗೆ ಲೆಕ್ಕವಿಲ್ಲ.

ಅವರನ್ನು ನೋಡಿ ನಗುವ ಹಾಗೂ ಇರಲಿಲ್ಲ. ನಮ್ಮಮ್ಮನೂ ಒಣಗಿಸುತ್ತಿದ್ದುದು ಮಂಚದ ಕೆಳಗೇ. ನಮ್ಮಲ್ಲಿ ಆ ದಿನಗಳಲ್ಲಿ ನಮಾಜಿಲ್ಲ, ಕುರಾನು ಮುಟ್ಟುವ ಹಾಗಿಲ್ಲ. ಅಡುಗೆ ಮಾಡಬಹುದು, ಮಕ್ಕಳನ್ನು ಎತ್ತಿಕೊಳ್ಳಬಹುದು. ಆದರೆ ಬಟ್ಟೆ ಮಾತ್ರ ಅಪ್ಪನಿಗೆ ಕಾಣಬಾರದು. ಆಮೇಲೆ ನಾನು ಪಾಠವನ್ನು ಸ್ವಲ್ಪ ಬದಲಿಸಿಕೊಂಡೆ. ಬಟ್ಟೆಯನ್ನು ಹಗ್ಗಕ್ಕೆ ಹಾಕಿ, ಅದರ ಮೇಲೆ ತೆಳ್ಳನೆಯ ಹಳೆ ಸೀರೆಯೊಂದನ್ನು ಹೊದಿಸಿ ಎಂದು ಹೇಳತೊಡಗಿದೆ. ಸೂರಪ್ಪನಿಗೆ ಸೀರೆ ಮಾತ್ರ ಕಾಣುತ್ತದೆ, ಬಿಸಿ ಒಳಗಿಳಿಯುತ್ತದೆ. ಕೆಲವರು ಹಾಗೆ ಮಾಡಿದರು. ನನ್ನ ಇಡೀ ನೌಕರಿಯಲ್ಲಿ ನನಗೆ ಹೆಮ್ಮೆ ಎನ್ನುವಂಥದ್ದು ಅದೊಂದೇ, ಅದಕ್ಕೂ ಯಾರೂ ಮೆಡಲ್ ಕೊಡಲಿಲ್ಲ.

ಹೊಳಲ್ಕೆರೆಯ ಒಂದು ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ಶುಚಿತ್ವದ ಬಗ್ಗೆ ಮಾತಾಡಲು ಕಳಿಸಿದರು. ಅಲ್ಲಿಯ ದೊಡ್ಡ ಟೀಚರು ಮೊದಲೇ ನನ್ನನ್ನು ಪಕ್ಕಕ್ಕೆ ಕರೆದು, "ಆ ಪದ ಒಂದು ಬ್ಯಾಡ ಸಿಸ್ಟರ್, ಇವ್ರಿನ್ನೂ ಸಣ್ಣೋರು" ಎಂದರು. ಸಣ್ಣವರಲ್ಲಿ ಅರ್ಧದಷ್ಟು ಹುಡುಗಿಯರು ಆಗಲೇ ಮೈನೆರೆದಿದ್ದರು, ಉದ್ದಲಂಗದ ಹಿಂಭಾಗವನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ನಾನು ಉಗುರು, ಹಲ್ಲು, ಹೇನು ಎಂದು ಮಾತಾಡುತ್ತ ಹೋದೆ. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು, "ಮತ್ತೆ ಬಟ್ಟೆದು, ಸಿಸ್ಟರ್?" ಎಂದು ಕೇಳಿದಳು. ದೊಡ್ಡ ಟೀಚರು ಗಂಟೆ ಹೊಡೆಸಿಬಿಟ್ಟರು. ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ನನ್ನ ಗಂಟಲಲ್ಲೇ ಇದೆ.

ಇನ್ನು ನಮ್ಮ ಆಸ್ಪತ್ರೆಯ ಪದ್ಧತಿ ಹೇಳುತ್ತೇನೆ. ಡಾಕ್ಟರು ಹೆಂಗಸಿನ ಮುಖ ನೋಡಿ ಮುಟ್ಟಿನ ಪ್ರಶ್ನೆ ಕೇಳುತ್ತಿರಲಿಲ್ಲ. ಅವರ ಮೇಜಿನ ಎದುರಿನ ಗೋಡೆಯಲ್ಲಿ ಸುಣ್ಣ ಉದುರಿದ ಒಂದು ಜಾಗವಿತ್ತು, ಅದನ್ನು ನೋಡಿ ಕೇಳುತ್ತಿದ್ದರು. ಆಕೆ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ನಾನು ಇಂಗ್ಲಿಷಿನ ಒಂದು ಪದವಾಗಿ ಮಾಡಿ ಡಾಕ್ಟರಿಗೆ ಒಪ್ಪಿಸುತ್ತಿದ್ದೆ. ಬಹಳ ಸಲ ಆಕೆ ಬರುತ್ತಲೇ ಇರಲಿಲ್ಲ. ಗಂಡ ಬರುತ್ತಿದ್ದ, ಇಲ್ಲವೇ ಮೈದುನ. ಹೆಂಡತಿಯ ರಕ್ತದ ಸುದ್ದಿಯನ್ನು ಅವನು ಅರ್ಧ ನುಂಗಿ ಅರ್ಧ ಉಗುಳುತ್ತಿದ್ದ.

ಆಸ್ಪತ್ರೆಯ ಮುಂದೆ ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚಿತ್ತು. 'ಹೊರಗಾದವರು' ಏನೇ ಕಾಯಿಲೆಗೆ ಬಂದರೂ ಅಲ್ಲಿ ಕೂರಬೇಕು. ಕೂರಿ ಎಂದು ಯಾರೂ ಆರ್ಡರು ಮಾಡಿರಲಿಲ್ಲ. ಅವರೇ ಬಂದು ಕೂರುತ್ತಿದ್ದರು, ಅವರು ಎದ್ದುಹೋದ ಮೇಲೆ ಹನುಮಕ್ಕ ಒಂದು ಚೊಂಬು ನೀರು ಹುಯ್ಯುತ್ತಿದ್ದಳು. ಒಳಗೆ ಗೋಡೆಯ ಮೇಲೆ ಶುಚಿತ್ವದ ಚಿತ್ರಪಟ, ಹೊರಗೆ ಈ ಬೆಂಚು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಅನ್ನುವುದು ಸುಮ್ಮನೆ ಅಲ್ಲ. ಬೆಂಚಿನ ಮೇಲಿನವರನ್ನು ಮುಟ್ಟುವ ಕೆಲಸ ನನಗೆ ಬರುತ್ತಿತ್ತು. "ನೀನು ಹೋಗು ಕರುಣಮ್ಮ, ನಿಮ್ಮ ಸಾಬ್ರಿಗೆ ಮೈಲಿಗೆ ಇಲ್ವಲ್ಲ" ಎನ್ನುತ್ತಿದ್ದಳು ಹನುಮಕ್ಕ. ಅದು ಬೈಗುಳವೋ ಬಿರುದೋ ನಾನು ಕೇಳಲಿಲ್ಲ. ಇಡೀ ಸೀಮೆಯಲ್ಲಿ ಮುಟ್ಟಾದವರನ್ನು ಮುಟ್ಟುವವಳು ನಾನೊಬ್ಬಳಾದೆ.

ಬೆಂಚಿನ ಮೇಲೆ ಕೂತವರಿಗೆ ಸಿಗುತ್ತಿದ್ದ ಮದ್ದು ಒಂದೇ ಮಾತು: ನಿಂತ ಮೇಲೆ ಬಾ. ಹನುಮಕ್ಕ ಹೇಳುತ್ತಿದ್ದುದು ಮಡಿಗಾಗಿ. ಡಾಕ್ಟರೂ ಅದನ್ನೇ ಹೇಳುತ್ತಿದ್ದರು, ಅವರ ಕಾರಣ ಬೇರೆ. ರಕ್ತ ಹೋಗುತ್ತಿರುವಾಗ ಒಳಪರೀಕ್ಷೆ ಮಾಡುವ ವಾಡಿಕೆ ಆಗ ಇರಲಿಲ್ಲ, ಸೋಂಕಾದೀತು ಎಂದು ಅವರಿಗೆ ಕಲಿಸಿದ್ದರು. ಕೇಳುವ ಹೆಂಗಸಿಗೆ ಎರಡೂ ಒಂದೇ ಆಗಿ ಕೇಳಿಸುತ್ತಿತ್ತು. ಅವಳು ನಿಂತ ಮೇಲೆ, ಮಿಂದು, ತಲೆ ಬಾಚಿ ಬರುತ್ತಿದ್ದಳು. ಆಗ ನೋಡಿದರೆ ಏನೂ ಇರುತ್ತಿರಲಿಲ್ಲ. "ನಾರ್ಮಲ್" ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಿದ್ದೆವು. ಬಾಗಿಲು ಮುರಿದ ಕಳ್ಳ ಹೋದ ಮೇಲೆ ಪೊಲೀಸರು ಬಂದು, ಕಳ್ಳನೇ ಇಲ್ಲವಲ್ಲ ಎಂದ ಹಾಗೆ.

ಈರಕ್ಕ ನನಗೆ ಗೊತ್ತಿದ್ದವಳು. ಹೊಸದುರ್ಗದ ದಾರಿಯಿಂದ ಒಳಗೆ ಕುರಿ ಸಾಕುವವರ ಒಂದು ಹಟ್ಟಿ ಇತ್ತು, ಸುತ್ತ ಮುಳ್ಳುಬೇಲಿ. ಮುಟ್ಟಾದವರೂ ಹಸಿಬಾಣಂತಿಯರೂ ಬೇಲಿಯ ಹೊರಗೆ ಗುಡಿಸಲಲ್ಲಿ ಇರಬೇಕು. ಅವಳ ಹೆರಿಗೆಯನ್ನು ನಾನು ಅದೇ ಗುಡಿಸಲಲ್ಲಿ ಬಗ್ಗಿಕೊಂಡು ಮಾಡಿಸಿದ್ದೆ. ನೋವಿನ ನಡುವೆಯೂ, "ಕರುಣಮ್ಮ, ನಿನ್ನ ತಲೆ ಚಾವಣಿಗೆ ತಾಗ್ತೈತೆ, ನನ್ನ ಕೂಸಿಗಿಂತ ಮುಂಚೆ ನೀನು ಹೊರೀಕೆ ಬಂದೀಯ" ಎಂದು ತಮಾಷೆ ಮಾಡಿದ ಹೆಂಗಸು. ಹೆಣ್ಣುಮಗು ಹುಟ್ಟಿತು. ಅವಳ ಗಂಡ ಚಿತ್ತಯ್ಯ ಬೇಲಿಯ ಆಚೆಯಿಂದ ಕೂಗಿ ಕೇಳಿ, ಹೆಣ್ಣೆಂದು ತಿಳಿದ ಮೇಲೂ ನನಗೆ ಒಂದು ಚೊಂಬು ಹಾಲು ಕಳಿಸಿದ.

ಆ ಮಗು ನಡೆದಾಡಿ ಮಾತಾಡುವಷ್ಟು ದೊಡ್ಡದಾದ ಮೇಲೆ, ಒಂದು ದಿನ ಚಿತ್ತಯ್ಯ ಒಬ್ಬನೇ ಆಸ್ಪತ್ರೆಗೆ ಬಂದ. ಹೆಗಲ ಮೇಲೆ ಕಂಬಳಿ, ಕಣ್ಣು ನೆಲದ ಮೇಲೆ.

"ಏನಪ್ಪ?" ಎಂದರು ಡಾಕ್ಟರು.

"ಮನೇರು ಹೊರಗೆ ಕುಂತವ್ರೆ ಸಾರ್. ಒಳೀಕೆ ಬರಾಕೇ ಆಗ್ವಲ್ದು."

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಅವನನ್ನು ಬಾಗಿಲ ಬಳಿಗೆ ಕರೆದು ವಿಚಾರಿಸಿದೆ. ಕೆಲವು ವಾರಗಳ ಹಿಂದೆ ಈರಕ್ಕನಿಗೆ ಮೂರು ತಿಂಗಳ ಬಸಿರು ಇಳಿದುಹೋಗಿತ್ತು. ಅಂದಿನಿಂದ ರಕ್ತ ಹೋಗುತ್ತಲೇ ಇತ್ತು. ಒಂದು ದಿನ ಕಮ್ಮಿ, ಒಂದು ದಿನ ಜಾಸ್ತಿ, ನಿಂತದ್ದಂತೂ ಇಲ್ಲ. ನಾನು ಬಂದು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಹೊರಗೆ ರೋಗಿಗಳ ಸಾಲು ಬಾಗಿಲವರೆಗೂ ಬಂದಿತ್ತು. ಅವರು ಗೋಡೆ ನೋಡಿಕೊಂಡು, "ಈ ಮಾತ್ರೆ ಕೊಡು, ರಕ್ತ ನಿಲ್ಲುತ್ತೆ. ನಿಂತ ಮೇಲೆ ಕರಕೊಂಡು ಬಾ, ಒಳಗೆ ಪರೀಕ್ಷೆ ಮಾಡಬೇಕು" ಎಂದರು.

ಚಿತ್ತಯ್ಯ ಎರಡೂ ಕೈ ಮುಗಿದ. "ಆತು ಸಾರ್. ನಿಂತ ಮ್ಯಾಲೆ ಕರ್ಕಂಡ್ ಬತ್ತೀನಿ."

ಆ ಮಾತನ್ನು ಅವನು ದೇವರ ಪ್ರಸಾದದಂತೆ ಕಟ್ಟಿಕೊಂಡು ಹೋದ. ಅವಳು ಹೊರಗೆ ಇರುವ ತನಕ ಹಟ್ಟಿಯವರು ಬಸ್ಸು ಹತ್ತಿಸುವ ಹಾಗಿರಲಿಲ್ಲ, ಬಂದರೂ ನಮ್ಮಲ್ಲಿ ಬೆಂಚು ಕಾಯುತ್ತಿತ್ತು. ಈಗ ಡಾಕ್ಟರೇ ಹೇಳಿದ್ದಾರೆ, ನಿಂತ ಮೇಲೆ ಎಂದು. ಹಟ್ಟಿಯ ನಿಯಮಕ್ಕೂ ಸರ್ಕಾರದ ಔಷಧಕ್ಕೂ ಜಗಳವೇ ಇಲ್ಲ. ನಿಲ್ಲದಿದ್ದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಮುಂದಿನ ವಾರ ನಾನು ಹಟ್ಟಿಗೆ ಹೋದೆ. ಈರಕ್ಕ ಗುಡಿಸಲ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಕೆಳಗಣ್ಣು ಎಳೆದು ನೋಡಿದರೆ ಸುಣ್ಣದ ಬಿಳುಪು. ಮೈ ಬೆಚ್ಚಗಿತ್ತು, ವಾಸನೆ ಬರುತ್ತಿತ್ತು. ಅವಳ ಹಳೆ ಸೀರೆಯ ಚೂರುಗಳೆಲ್ಲ ಮುಗಿದಿದ್ದವು. ತೊಳೆಯಲು ಅತ್ತೆ ಕರಿಯಮ್ಮ ದೂರದಿಂದ ಕೊಡ ಬಗ್ಗಿಸಿ ಹುಯ್ಯುವಷ್ಟೇ ನೀರು. ಒದ್ದೆ ಬಟ್ಟೆಗಳು ಗುಡಿಸಲ ಗರಿಯೊಳಗೆ ಹಸಿಯಾಗಿಯೇ ಇದ್ದವು, ಒಣಗುವಷ್ಟು ಬಿಡುವು ಆ ರಕ್ತ ಕೊಟ್ಟಿರಲಿಲ್ಲ. ಕೊನೆಗೆ ಹರಿದ ಕಂಬಳಿಯ ತುಂಡು ಕಟ್ಟಿಕೊಂಡಿದ್ದಳು. ಉಣ್ಣೆ ಉಜ್ಜಿ ಉಜ್ಜಿ ತೊಡೆ ಹುಣ್ಣಾಗಿತ್ತು. ನನ್ನ ಚೀಲದಲ್ಲಿದ್ದ ಹತ್ತಿ, ಬ್ಯಾಂಡೇಜು ಬಟ್ಟೆ ಎಲ್ಲ ಕೊಟ್ಟು, ಕೈಲಾದಷ್ಟು ತೊಳೆದು ಕಟ್ಟಿದೆ.

ಅವಳು ತನ್ನ ಕಾಯಿಲೆಯ ಮಾತೇ ಆಡಲಿಲ್ಲ. "ಕೂಸು ನೋಡು" ಎಂದಳು. ಬೇಲಿಯ ಒಳಗೆ ಮಗು ಒಂದು ಕುರಿಮರಿಯನ್ನು ಅಪ್ಪಿಕೊಂಡು ನಿಂತಿತ್ತು. ಅವ್ವನ ಹತ್ತಿರ ಬರಬಾರದೆಂದು ಅದಕ್ಕೆ ಕಲಿಸಿದ್ದರು. ಮಗು ಮರಿಯನ್ನು ಬಿಟ್ಟರೆ ಅದು ಮುಳ್ಳಿನ ಕೆಳಗೆ ನುಸುಳಿ ಈಚೆ ಬರುತ್ತಿತ್ತು. ಈರಕ್ಕ ಅದನ್ನು ಎತ್ತಿ ಮುಖಕ್ಕೆ ಒತ್ತಿಕೊಳ್ಳುತ್ತಿದ್ದಳು. "ಮರಿಗೆ ಮೈಲಿಗೆ ಇಲ್ವಲ್ಲ ಕರುಣಮ್ಮ. ಕೂಸಿನ ಬಿಸಿ ಇನ್ನೂ ಮೈಯಾಗೆ ಇರ್ತೈತೆ ಇದ್ರದು" ಎಂದಳು. "ಒಂದು ಸಲ ಒಳೀಕೆ ಹೋಗಿ ಕೂಸಿನ ಪಕ್ಕ ಮಲಗಿದ್ರೆ ಸಾಕು. ನಿಲ್ಲೋ ಹಂಗೆ ಏನಾರ ಕೊಡು." ನನಗೆ ಅಲ್ಲಿಯೇ ಅಳು ಬಂತು. ನರ್ಸು ಅಳಬಾರದು ಎಂದು ನಮಗೆ ಕಲಿಸಿದವರು ಆ ಬೇಲಿಯನ್ನು ನೋಡಿರಲಿಲ್ಲ.

ಕರಿಯಮ್ಮನನ್ನು ಕರೆದು, ಈಗಿಂದೀಗಲೇ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ಗರ್ಭಕೋಶದಲ್ಲಿ ಬಸಿರಿನ ಚೂರು ಉಳಿದಿದೆ, ಅದನ್ನು ತೆಗೆದು ಸ್ವಚ್ಛ ಮಾಡಿದರೆ ಬದುಕುತ್ತಾಳೆ ಎಂದೆ.

"ನಿಂತ ಮ್ಯಾಲೆ ಕರ್ಕಂಡ್ ಬಾ ಅಂತ ಡಾಕ್ಟ್ರೇ ಅಂದವ್ರಂತೆ" ಎಂದಳು ಮುದುಕಿ.

"ಅದು ಬೇರೆ ಮಾತು ಕರಿಯಮ್ಮ. ಇದು ನಿಲ್ಲಲ್ಲ."

"ಅವ್ರು ಓದ್ದೋರು ತಾಯಿ. ಅವ್ರ ಮಾತು ಮೀರಿ, ದೇವ್ರ ಮಾತೂ ಮೀರಿ, ನಾಳೆ ಏನಾರ ಆದ್ರೆ ಹಟ್ಟಿಗೆ ಯಾರು ಉತ್ರ ಹೇಳಾರು? ನೀನು ಡಾಕ್ಟ್ರಿಗಿಂತ ದೊಡ್ಡಾಕೆ ಆದ್ಯಾ?"

ಅವಳು ಗಯ್ಯಾಳಿಯಲ್ಲ. ಸೊಸೆಗೆ ರಾಗಿ ಅಂಬಲಿ ಮಾಡಿ, ಗುಡಿಸಲ ಮುಂದೆ ಇಟ್ಟು, ಕುಡಿಯುವ ತನಕ ದೂರದಲ್ಲಿ ಕಾಯುತ್ತಿದ್ದಳು. ಚಿತ್ತಯ್ಯ ಕುರಿ ಹೊಡೆದುಕೊಂಡು ಹೋಗಿದ್ದ. ಅವನಿಗೆ ತಿಳಿಸಿ ಎಂದು ನಾಲ್ಕು ಸಲ ಹೇಳಿ ನಾನು ಕೊನೆಯ ಬಸ್ಸಿಗೆ ವಾಪಸ್ಸಾದೆ.

ಡಾಕ್ಟರಿಗೆ ಎಲ್ಲ ಹೇಳಿದಾಗ ಅವರು ಕುರ್ಚಿಯಿಂದ ಎದ್ದುಬಿಟ್ಟರು. "ನಾನು ಹಾಗೆ ಹೇಳಲಿಲ್ಲ ಸಿಸ್ಟರ್! ನಿಲ್ಲದೇ ಹೋದರೆ ತಕ್ಷಣ ತರಬೇಕು ಅಂತ ಯಾರಿಗಾದರೂ ಗೊತ್ತಾಗಲ್ವೇ?"

"ಗೊತ್ತಾಗಲ್ಲ ಸರ್" ಎಂದೆ. "ನಿಂತ ಮೇಲೆ ಅಂದರೆ ನಿಂತ ಮೇಲೆ ಅಂತಲೇ ಅವರಿಗೆ."

ಆಸ್ಪತ್ರೆಗೆ ಒಂದು ಜೀಪಿತ್ತು. ಅದು ಆ ವಾರವೆಲ್ಲ ಆಪರೇಷನ್ ಕ್ಯಾಂಪಿಗೆ ಹೋಗಿತ್ತು. ಮಕ್ಕಳಾಗದಂತೆ ಮಾಡುವ ಕ್ಯಾಂಪಿಗೆ ಮೇಲಿನಿಂದ ಒತ್ತಡವಿತ್ತು, ಡಾಕ್ಟರೂ ಅಲ್ಲಿಗೆ ಹೋಗಲೇಬೇಕಿತ್ತು. ನೋಡಿ, ಆ ಕಾಲದಲ್ಲಿ ನಾವು ಮುಟ್ಟಿನ ದಿನವನ್ನು ಬಾಯಿಬಿಟ್ಟು ಕೇಳುತ್ತಿದ್ದುದು ಅದಕ್ಕಾಗಿ ಮಾತ್ರ. ಬಸಿರೋ ಅಲ್ಲವೋ, ವಂಕಿ ಹಾಕಬಹುದೋ ಇಲ್ಲವೋ ಎಂದು ತಿಳಿಯಲು. ತೋಳಿಗೆ ಹಾಕುವ ವಂಕಿಯಲ್ಲ, ಬಸಿರು ನಿಲ್ಲದಂತೆ ಗರ್ಭಕೋಶಕ್ಕೆ ಇಡುವುದಕ್ಕೂ ಅದೇ ಹೆಸರು. ಅದರಿಂದ ಹೆಂಗಸರು ದಿನ ಹೇಳಲೇ ಹೆದರುತ್ತಿದ್ದರು. ರಕ್ತ ಹೋಗಿ ಸಾಯುತ್ತಿರುವವಳ ದಿನ ಯಾರಿಗೂ ಬೇಕಿರಲಿಲ್ಲ. ಕ್ಯಾಂಪು ಮುಗಿದ ಮರುದಿನವೇ ಜೀಪಿನಲ್ಲಿ ಹಟ್ಟಿಗೆ ಹೋಗೋಣ ಎಂದು ತೀರ್ಮಾನವಾಯಿತು.

ಆ ಮರುದಿನ ಬೆಳಿಗ್ಗೆ ಜೀಪು ಹೊರಡುವ ಮೊದಲೇ ಚಿತ್ತಯ್ಯನ ಎತ್ತಿನ ಗಾಡಿ ಆಸ್ಪತ್ರೆಯ ಮುಂದೆ ನಿಂತಿತು.

ಅವನು ನಗುತ್ತಿದ್ದ. ನನ್ನ ಕಣ್ಣಿಗೆ ಈಗಲೂ ಕಟ್ಟಿರುವುದು ಆ ನಗು. "ನಿಂತೈತ್ರಿ ಕರುಣಮ್ಮ! ಮೊನ್ನೇನೇ ನಿಂತೋತು. ನಿನ್ನೆ ತಲೆಗೆ ನೀರು ಹಾಕಿ ಒಳೀಕೆ ಕರ್ಕಂಡ್ವಿ. ಕೂಸಿನ ಪಕ್ಕ ಮಲಗಿದ್ಲು. ನಿಂತ ಮ್ಯಾಲೆ ಬಾ ಅಂದಿದ್ರಲ್ಲ ಸಾರು, ಕರ್ಕಂಡ್ ಬಂದೀನಿ."

ಈರಕ್ಕ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿದ್ದಳು. ಮುಖಕ್ಕೆ ಅರಿಶಿನ, ಮೈಮೇಲೆ ಹೊಸ ಸೀರೆ. ಆ ಅರಿಶಿನವೊಂದೇ ಅವಳ ಮೈಯಲ್ಲಿದ್ದ ಬಣ್ಣ. ಮೈ ಕೆಂಡದಂತೆ ಸುಡುತ್ತಿತ್ತು, ನಾಡಿ ಹುಡುಕಿದರೆ ಸಿಕ್ಕಿತು, ಮತ್ತೆ ತಪ್ಪಿಸಿಕೊಂಡಿತು. ಹೌದು, ನಿಂತಿತ್ತು. ಹೋಗುವುದಕ್ಕೆ ಉಳಿದಿದ್ದರೆ ತಾನೆ? ಹನುಮಕ್ಕ ವಾಡಿಕೆಯಂತೆ ಬೆಂಚಿನ ಕಡೆ ಕೈ ತೋರಿಸಿದಳು. ಚಿತ್ತಯ್ಯ ಮೊದಲ ಸಲ ದನಿ ಎತ್ತಿದ: "ಇವ್ಳು ಈಗ ಹೊರಗಲ್ಲ ಕಣ್ರೀ. ಒಳೀಕೆ ಮಲಗಿಸ್ರಿ."

ಡಾಕ್ಟರು ಓಡಿ ಬಂದರು. ಸಲೈನು ಏರಿಸಿ, ಇಂಜೆಕ್ಷನ್ ಕೊಟ್ಟು, ಅವಳನ್ನು ಜೀಪಿನ ಹಿಂಭಾಗದಲ್ಲಿ ಮಲಗಿಸಿದೆವು. ಕಾಂಪೌಂಡರು ಆಸ್ಪತ್ರೆಯ ಕೆಂಪು ಕಂಬಳಿ ತಂದು ಹೊದಿಸಿದ. ಡಾಕ್ಟರೂ ನಾನೂ ಹಿಂದೆ, ಚಿತ್ತಯ್ಯ ಮುಂದೆ ಡ್ರೈವರ್ ಪಕ್ಕದಲ್ಲಿ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ನಾವು ದುರ್ಗಕ್ಕೆ ಹೊರಟಿದ್ದೆವು.

ದಾರಿಯಲ್ಲಿ ಒಮ್ಮೆ ಅವಳು ಕಣ್ಣು ಬಿಟ್ಟಳು. ನನ್ನ ಕೈಯನ್ನು ಹುಡುಕಿ ಹಿಡಿದು, "ಕೂಸು ರಾತ್ರಿ ನನ್ನ ಮೈಮ್ಯಾಲೆ ಕಾಲು ಹಾಕಿತ್ತು ಕರುಣಮ್ಮ" ಎಂದಳು. ಸ್ವಲ್ಪ ದೂರ ಹೋದ ಮೇಲೆ ಕಂಬಳಿಯ ಕೆಳಗಿದ್ದ ನನ್ನ ಇನ್ನೊಂದು ಕೈಗೆ ಒದ್ದೆ ತಗುಲಿತು. ಮತ್ತೆ ಶುರುವಾಗಿತ್ತು. ನಾನು ಡಾಕ್ಟರ ಮುಖ ನೋಡಿದೆ, ಅವರು ನನ್ನ ಕೈಯಿದ್ದ ಕಡೆ ನೋಡಿದರು. ಹೊಳಲ್ಕೆರೆ ಇನ್ನೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಉಸಿರು ಮುಗಿಯಿತು.

ಡಾಕ್ಟರು ಜೀಪು ನಿಲ್ಲಿಸಲು ಹೇಳಿದರು. ಚಿತ್ತಯ್ಯ ಇಳಿದು ಹಿಂದೆ ಬಂದ, ಅವಳ ಮುಖ ನೋಡಿದ, ಅವನಿಗೆ ತಿಳಿಯಿತು. ಜೀಪಿನ ಬಾಗಿಲು ಹಿಡಿದುಕೊಂಡು ನಿಂತ. ಅತ್ತನೋ ಇಲ್ಲವೋ ನನಗೆ ಕಾಣಲಿಲ್ಲ, ಹೆಗಲ ಕಂಬಳಿಯಿಂದ ಮುಖ ಮುಚ್ಚಿಕೊಂಡಿದ್ದ. ಆಮೇಲೆ ಅವನು ಕೇಳಿದ್ದು ಒಂದೇ ಮಾತು.

"ಸಾರ್, ದಾರಿಯಾಗೆ ಮತ್ತೆ ಆಗ್ಲಿಲ್ಲ ತಾನೆ? ಹೊರಗಿದ್ದಾಗ ಸತ್ರೆ ಹಟ್ಟಿ ಒಳೀಕೆ ಬಿಡಾಕಿಲ್ಲ. ಕೂಸು ಮುಖ ನೋಡ್ಬೇಕು. ನಿಂತೇ ಇತ್ತಲ್ಲ?"

ನನ್ನ ಕೈ ಇನ್ನೂ ಕಂಬಳಿಯ ಕೆಳಗೇ ಇತ್ತು. ಈ ವಿಚಾರವನ್ನು ಯಾವತ್ತೂ ಗೋಡೆಗೇ ಹೇಳುತ್ತಿದ್ದ ಡಾಕ್ಟರು ಆ ದಿನ ಚಿತ್ತಯ್ಯನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ನಿಂತಿತ್ತಪ್ಪ" ಎಂದರು.

ವಾಪಸ್ಸು ಬರುವಾಗ ಒಂದು ಕೆರೆಯ ಹತ್ತಿರ ಜೀಪು ನಿಲ್ಲಿಸಿ, ಗಂಡಸರನ್ನೆಲ್ಲ ಏರಿಯ ಆಚೆಗೆ ಕಳಿಸಿದೆ. ಅವಳ ಮೈ ತೊಳೆದು, ಇದ್ದ ಹತ್ತಿಯನ್ನೆಲ್ಲ ಇಟ್ಟು ಬಿಗಿಯಾಗಿ ಕಟ್ಟಿ, ಹೊಸ ಸೀರೆಯ ಕಲೆಯಾದ ಭಾಗವನ್ನು ಒಳಗೆ ಮಡಚಿ ಉಡಿಸಿದೆ. ಕಂಬಳಿಯ ಕೆಂಪಿನಲ್ಲಿ ಕಲೆ ಕಾಣುತ್ತಲೇ ಇರಲಿಲ್ಲ. ಯಾಕೆ ಕೆಂಪು ಎಂಬ ಪ್ರಶ್ನೆಗೆ ತರಬೇತಿಯಲ್ಲಿ ಯಾರೂ ಹೇಳದ ಉತ್ತರ ನನಗೆ ಅಲ್ಲಿ ಸಿಕ್ಕಿತು. ಹಟ್ಟಿಯ ಬೇಲಿಯಲ್ಲಿ ಕರಿಯಮ್ಮ ಎದುರಾಗಿ ಅದನ್ನೇ ಕೇಳಿದಳು. ನಾನೂ ನಿಂತಿತ್ತು ಎಂದೆ. ಒಳಗೆ ಬಿಟ್ಟರು. ಮಗು ಬಂದು ಪಕ್ಕದಲ್ಲಿ ಕೂತು ಅವ್ವನ ಕೆನ್ನೆಯ ಅರಿಶಿನ ಮುಟ್ಟಿ ನೋಡಿತು. ಯಾರೂ ತಡೆಯಲಿಲ್ಲ. ಸುಳ್ಳು ಹೇಳಿದ್ದಕ್ಕೆ ನನಗೆ ಅಂದೂ ನಾಚಿಕೆ ಇರಲಿಲ್ಲ, ಇಂದೂ ಇಲ್ಲ.

ಹುಡುಗಿಯರೇ, ನಿಮ್ಮ ಆಸ್ಪತ್ರೆಗಳಲ್ಲಿ ಈಗ ಕಲ್ಲುಬೆಂಚು ಇರಲಾರದು. ಪ್ಯಾಡುಗಳು ಬಂದಿವೆ, ಸ್ಕ್ಯಾನು ಬಂದಿದೆ. ಹಿರಿಯೂರಿನ ಮೆಡಿಕಲ್ ಶಾಪಿನವನು ಪ್ಯಾಡನ್ನು ಇನ್ನೂ ಪೇಪರು ಸುತ್ತಿಯೇ ಕೊಡುತ್ತಾನೆ, ಅದು ನಾನು ಕಣ್ಣಾರೆ ಕಂಡದ್ದು. ನೀವು ಏನು ಹೇಳುತ್ತೀರಿ ಎನ್ನುವುದರ ಜೊತೆಗೆ ಪೇಷೆಂಟು ಆ ಮಾತನ್ನು ಯಾವ ಮನೆಗೆ ಒಯ್ಯುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ.

ಈರಕ್ಕ ಹೋದ ಮರುದಿನ ನಾನು ಆ ಕೆಂಪು ಕಂಬಳಿಯನ್ನು ಸೋಪು ಹಾಕಿ ಒಗೆದು ಆಸ್ಪತ್ರೆಯ ಮುಂದಿನ ಬೇಲಿಯ ಮೇಲೆ ಹರವಿದೆ, ಮೇಲೆ ಯಾವ ಸೀರೆಯನ್ನೂ ಹೊದಿಸದೆ. "ಗಂಡಸ್ರು ಓಡಾಡ್ತಾರಲ್ಲೇ ಕರುಣಮ್ಮ" ಎಂದು ಹನುಮಕ್ಕ ಗೊಣಗಿದಳು. ಡಾಕ್ಟರು ಬಾಗಿಲಲ್ಲಿ ನಿಂತು, "ಅಲ್ಲೇ ಒಣಗಲಿ" ಎಂದರು. ಬೇವಿನ ಕೆಳಗಿನ ಬೆಂಚಿನ ಮೇಲೆ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಡಾಕ್ಟರು ಮೆಟ್ಟಿಲಿಳಿದು ಅವಳ ಹತ್ತಿರ ಹೋಗಿ, "ಒಳಗೆ ಬಾಮ್ಮ, ಈಗಲೇ ನೋಡ್ತೀನಿ" ಎಂದರು.

ಅವಳು ಏಳಲಿಲ್ಲ. ಗಾಬರಿಯಿಂದ ಸೆರಗು ಎಳೆದುಕೊಂಡು ಇನ್ನಷ್ಟು ಹಿಂದಕ್ಕೆ ಸರಿದು ಕೂತಳು.

"ಇನ್ನೂ ನಿಂತಿಲ್ರೀ ಸಾರ್" ಎಂದಳು.